ಇಸುಬು ಬಂದರೆ ಊಟ ಬಿಡಿಸಬೇಕಾ?

ಮಗುವಿನ ಕೆನ್ನೆ ಕೆಂಪಾಗಿ, ಮೊಣಕೈ ಸಂದಿನಲ್ಲಿ ಚರ್ಮ ಒರಟಾಗಿ, ರಾತ್ರಿಯಿಡೀ ಕೆರೆದುಕೊಳ್ಳಲು ಶುರು ಮಾಡಿದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ: "ಏನು ತಿನ್ನಿಸಿದೆ?" ಕೇಳುವುದು ತಾಯಿಯನ್ನೇ. ಮರುದಿನದಿಂದ ಬೇಡಗಳ ಪಟ್ಟಿ ಬೆಳೆಯುತ್ತದೆ. ಬದನೆಕಾಯಿ ನಂಜು, ಬೇಡ. ಕಡಲೆಕಾಯಿ ಬೇಡ. ಮೊಟ್ಟೆ, ಮೀನು ಉಷ್ಣ, ಬೇಡ. ಹಾಲೂ ಬಿಡಿಸಿ ಎಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿರುತ್ತಾರೆ. ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಬಾಣಂತಿಯ ತಟ್ಟೆಯಿಂದಲೂ ಇವೆಲ್ಲ ಮಾಯವಾಗುತ್ತವೆ.

ಆಹಾರಕ್ಕೂ ಇಸುಬಿಗೂ ಸಂಬಂಧವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಸಂಬಂಧ ಇದೆ. ಆದರೆ ಕಳೆದ ಇಪ್ಪತ್ತು ವರ್ಷಗಳ ಸಂಶೋಧನೆ ತೋರಿಸುತ್ತಿರುವುದು ನಾವು ಅಂದುಕೊಂಡದ್ದಕ್ಕೆ ಹೆಚ್ಚುಕಡಿಮೆ ಉಲ್ಟಾ. ತಿಂದದ್ದರಿಂದ ಚರ್ಮ ಕೆಡುವುದಕ್ಕಿಂತ, ಕೆಟ್ಟ ಚರ್ಮದಿಂದಾಗಿ ಆಹಾರದ ಅಲರ್ಜಿ ಹುಟ್ಟುವುದೇ ಜಾಸ್ತಿ. ಇದನ್ನು ಒಪ್ಪಿಕೊಂಡರೆ ಪಥ್ಯದ ಬಗ್ಗೆ ನಾವು ಮಾಡುವ ಅರ್ಧ ತೀರ್ಮಾನಗಳು ಬದಲಾಗಬೇಕಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಅಟೋಪಿಕ್ ಡರ್ಮಟೈಟಿಸ್ ಎಂಬ ಇಸುಬಿನ ಬಗ್ಗೆ. ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಯಾರಿಗಾದರೂ ಉಬ್ಬಸವೋ ಅಲರ್ಜಿಯ ಸೀನೋ ಇರುವುದು ಸಾಮಾನ್ಯ. ಹುಳುಕಡ್ಡಿ ಬೇರೆ, ಹುಳದಿಂದ ಬರುವ ಕಜ್ಜಿ ಬೇರೆ, ಪಿತ್ತದ ಗಂಧೆ ಬೇರೆ. ಗಂಧೆಯನ್ನೂ ಇಸುಬನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಊಟದ ಬಗ್ಗೆ ಅರ್ಧ ಗೊಂದಲ ಹುಟ್ಟುತ್ತದೆ. ಗಂಧೆ ತಿಂದ ಸ್ವಲ್ಪ ಹೊತ್ತಿಗೇ ಎದ್ದು ಕೆಲವು ಗಂಟೆಗಳಲ್ಲಿ ಇಳಿಯಬಹುದು. ಇಸುಬು ಹಾಗಲ್ಲ. ಅದು ತಿಂಗಳುಗಟ್ಟಲೆ ಇರುತ್ತದೆ, ಏನೂ ಮಾಡದಿದ್ದರೂ ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಈ ಏರಿಳಿತವೇ ನಮ್ಮನ್ನು ಮೋಸ ಮಾಡುವುದು. ತುರಿಕೆ ತೀರಾ ಜಾಸ್ತಿಯಾದ ವಾರವೇ ನಾವು ಬದನೆಕಾಯಿ ಬಿಡಿಸುತ್ತೇವೆ. ಮುಂದಿನ ವಾರ ಅದು ಹೇಗೂ ಇಳಿಯುವುದಿತ್ತು. ಹೆಸರು ಮಾತ್ರ ಪಥ್ಯಕ್ಕೆ ಬರುತ್ತದೆ.

2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿದ್ದರೆ ಇಸುಬು ಬರುವ ಸಾಧ್ಯತೆ ತುಂಬಾ ಹೆಚ್ಚುತ್ತದೆ ಎಂದು ತೋರಿಸಿದರು. ಚರ್ಮದ ಹೊರಪದರ ಗಟ್ಟಿಯಾಗಿ, ಒದ್ದೆ ಆರದಂತೆ ಇರಲು ಈ ಪ್ರೋಟೀನ್ ಬೇಕು. ಅದು ಕಡಿಮೆಯಾದರೆ ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸೋಪು, ಸೂಕ್ಷ್ಮಾಣುಗಳು ಒಳಗೆ ನುಗ್ಗುತ್ತವೆ. ಎಲ್ಲ ಇಸುಬಿಗೂ ಈ ಜೀನೇ ಕಾರಣವಲ್ಲ. ಆದರೂ ರೋಗ ಹುಟ್ಟುವುದು ರಕ್ತ ಕೆಟ್ಟದ್ದರಿಂದಲೂ ಅಲ್ಲ, ಹೊಟ್ಟೆಯ ಉಷ್ಣದಿಂದಲೂ ಅಲ್ಲ, ಚರ್ಮದ ಗೋಡೆಯೇ ಸಡಿಲವಾಗಿದೆ ಎಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು. ಮಾಡು ಸೋರುವಾಗ ಮಳೆಯನ್ನು ಬಯ್ದು ಏನು ಪ್ರಯೋಜನ, ಅಲ್ವಾ?

ಅಲರ್ಜಿ ಒಳಗೆ ಬರುವ ದಾರಿ

ಲಂಡನ್ನಿನ ಮಕ್ಕಳ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಅವರ ತಂಡ 2003ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿತು. ಕಡಲೆಕಾಯಿ ಅಲರ್ಜಿ ಇದ್ದ ಇಂಗ್ಲೆಂಡಿನ ಮಕ್ಕಳಲ್ಲಿ ಹಲವರಿಗೆ ಹಸುಗೂಸಾಗಿದ್ದಾಗ ಕಡಲೆಕಾಯಿ ಎಣ್ಣೆ ಸೇರಿದ ಕ್ರೀಮ್ ಹಚ್ಚಲಾಗಿತ್ತು. ತಾಯಂದಿರು ಬಸುರಿಯಾಗಿದ್ದಾಗ ಕಡಲೆಕಾಯಿ ತಿಂದಿದ್ದಕ್ಕೂ ಮಕ್ಕಳ ಅಲರ್ಜಿಗೂ ಸಂಬಂಧ ಕಾಣಲಿಲ್ಲ. ಇದರಿಂದ ಒಂದು ವಾದ ಬೆಳೆಯಿತು. ಆಹಾರ ಬಾಯಿಯ ಮೂಲಕ ಹೊಟ್ಟೆಗೆ ಹೋದರೆ ದೇಹ ಅದನ್ನು ತನ್ನದು ಎಂದು ಒಪ್ಪಿಕೊಳ್ಳಲು ಕಲಿಯುತ್ತದೆ. ಅದೇ ಆಹಾರ ಬಿರುಕುಬಿಟ್ಟ, ಉರಿಯುತ್ತಿರುವ ಚರ್ಮದ ಮೂಲಕ ಒಳಗೆ ಹೋದರೆ ದೇಹ ಅದನ್ನು ಶತ್ರು ಎಂದು ಗುರುತಿಟ್ಟುಕೊಳ್ಳುತ್ತದೆ.

ಇದು ಬರೀ ಊಹೆಯಲ್ಲ ಎಂದು ಜಪಾನಿನಲ್ಲಿ ಬಹಳ ದುಬಾರಿ ರೀತಿಯಲ್ಲಿ ಗೊತ್ತಾಯಿತು. ಅಲ್ಲಿ ಮುಖ ತೊಳೆಯುವ ಒಂದು ಜನಪ್ರಿಯ ಸೋಪಿನಲ್ಲಿ ಗೋಧಿಯ ಪ್ರೋಟೀನನ್ನು ಒಡೆದು ಸೇರಿಸಿದ್ದರು. ಅದುವರೆಗೆ ಬ್ರೆಡ್ಡು, ನೂಡಲ್ಸ್ ಆರಾಮಾಗಿ ತಿನ್ನುತ್ತಿದ್ದ ದೊಡ್ಡವರಿಗೆ ಸೋಪು ಬಳಸಿದ ಮೇಲೆ ಗೋಧಿ ಅಲರ್ಜಿ ಶುರುವಾಯಿತು. ಎರಡು ಸಾವಿರಕ್ಕೂ ಹೆಚ್ಚು ಜನ ಹೀಗೆ ತೊಂದರೆಗೆ ಸಿಕ್ಕರು. ಕೆಲವರಿಗೆ ಜೀವಕ್ಕೇ ಕುತ್ತು ಬಂತು. 2011ರಲ್ಲಿ ಆ ಸೋಪನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿಕೊಳ್ಳಲಾಯಿತು.

ನಮ್ಮಲ್ಲಿ ಮಗುವನ್ನು ಎರೆಯುವಾಗ ಮೈಗೆ ಕಡಲೆಹಿಟ್ಟು, ಹೆಸರುಹಿಟ್ಟು ಉಜ್ಜುವವರು ತುಂಬಾ ಜನ. ಹಾಲಿನ ಕೆನೆ ಹಚ್ಚುವುದೂ ಉಂಟು. ಚೆನ್ನಾಗಿರುವ ಚರ್ಮಕ್ಕೆ ಇದು ತಲೆಮಾರುಗಳಿಂದ ನಡೆದು ಬಂದಿದೆ, ಅದರ ಮೇಲೆ ನನಗೆ ಜಗಳವಿಲ್ಲ. ಆದರೆ ಇಸುಬು ಎದ್ದ, ರಸಿಕೆ ಸೋರುವ ಚರ್ಮಕ್ಕೆ ಕಾಳಿನ ಹಿಟ್ಟು ಅಥವಾ ಕೆನೆ ಹಾಕಿ ಉಜ್ಜುವುದು ಬೇಡವೇ ಬೇಡ. ಹಿಟ್ಟು ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ, ಉಜ್ಜಿದರೆ ಪದರ ಕಿತ್ತು ಬರುತ್ತದೆ, ಮೇಲೆ ಹೇಳಿದ ಅಪಾಯ ಬೇರೆ. ವಿಪರ್ಯಾಸ ನೋಡಿ: ಮಗುವಿನ ಬಾಯಿಗೆ ಕಡಲೆಕಾಯಿ ಬೇಡ ಎನ್ನುವ ಮನೆಯಲ್ಲೇ ಅದರ ಗಾಯದ ಮೇಲೆ ಕಡಲೆಹಿಟ್ಟು ಬೀಳುತ್ತದೆ.

ಕೊಬ್ಬರಿ ಎಣ್ಣೆಯೂ ತಿನ್ನುವ ಪದಾರ್ಥವೇ ತಾನೇ ಎಂದು ಯಾರಾದರೂ ಕೇಳಬಹುದು. ಅಲರ್ಜಿ ಹುಟ್ಟಿಸುವುದು ಪ್ರೋಟೀನ್. ಎಣ್ಣೆಯಲ್ಲಿ ಅದು ಇರುವುದು ತೀರಾ ಕಡಿಮೆ. 2014ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆದ ಪ್ರಯೋಗದಲ್ಲಿ ಮಿನರಲ್ ಆಯಿಲ್‌ಗಿಂತ ವರ್ಜಿನ್ ಕೊಬ್ಬರಿ ಎಣ್ಣೆಯೇ ಇಸುಬನ್ನು ಹೆಚ್ಚು ತಗ್ಗಿಸಿತು. ದುಬಾರಿ ಎಂಬ ಕಾರಣಕ್ಕೇ ಒಳ್ಳೆಯದು ಎಂದುಕೊಳ್ಳುವ ಆಲಿವ್ ಎಣ್ಣೆ ಮಾತ್ರ ಬೇಡ. ಅದು ಚರ್ಮದ ಪದರವನ್ನು ಸಡಿಲ ಮಾಡುತ್ತದೆ ಎಂದು ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ.

ಅಮೆರಿಕ ತಾನೇ ಹಿಂದೆ ಸರಿದದ್ದು

ಅಲರ್ಜಿಗೆ ಹೆದರಿ ಆಹಾರವನ್ನು ದೂರ ಇಡುವುದು ನಮ್ಮ ಅಜ್ಜಿಯರ ಮೂಢನಂಬಿಕೆ ಮಾತ್ರ ಎಂದು ನಗುವಂತಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಇದನ್ನೇ ಹೇಳಿತ್ತು. ಅಲರ್ಜಿಯ ಕುಟುಂಬದ ಮಗುವಿಗೆ ಹಸುವಿನ ಹಾಲು ಒಂದು ವರ್ಷದ ತನಕ ಬೇಡ, ಮೊಟ್ಟೆ ಎರಡು ವರ್ಷದ ತನಕ ಬೇಡ, ಕಡಲೆಕಾಯಿ ಮತ್ತು ಮೀನು ಮೂರು ವರ್ಷದ ತನಕ ಬೇಡ. ಕಡಲೆಕಾಯಿ ಅಲರ್ಜಿ ಇದರಿಂದ ಕಡಿಮೆಯಾಗಲೇ ಇಲ್ಲ. 2008ರಲ್ಲಿ ಸಂಘ ಆ ಸಲಹೆಯನ್ನು ವಾಪಸ್ ಪಡೆಯಿತು.

ಅದೇ ವರ್ಷ ಲ್ಯಾಕ್ ತಂಡದ ಇನ್ನೊಂದು ಅಧ್ಯಯನ ಬಂತು. ಇಂಗ್ಲೆಂಡಿನಲ್ಲಿರುವ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಮೂಲ ಒಂದೇ. ಆದರೆ ಇಸ್ರೇಲಿನಲ್ಲಿ ಕೂಸುಗಳು ಬಾಂಬಾ ಎಂಬ ಕಡಲೆಕಾಯಿ ಕುರುಕಲನ್ನು ವರ್ಷದೊಳಗೇ ಚೀಪುತ್ತವೆ. ಇಂಗ್ಲೆಂಡಿನ ಮಕ್ಕಳಿಗೆ ಅದು ಸಿಗುತ್ತಿರಲಿಲ್ಲ.

ಇದನ್ನು ಪರೀಕ್ಷಿಸಲು ಲೀಪ್ ಎಂಬ ಪ್ರಯೋಗ ನಡೆಯಿತು. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಮಕ್ಕಳನ್ನು ತೆಗೆದುಕೊಂಡರು. ಅರ್ಧ ಮಕ್ಕಳಿಗೆ ಐದು ವರ್ಷದ ತನಕ ಕಡಲೆಕಾಯಿ ಪದಾರ್ಥ ಕೊಟ್ಟರು, ಇನ್ನರ್ಧಕ್ಕೆ ಪೂರ್ತಿ ಬಿಡಿಸಿದರು. 2015ರಲ್ಲಿ ಫಲಿತಾಂಶ ಬಂತು. ಬಿಡಿಸಿದ ಗುಂಪಿನಲ್ಲಿ ಶೇ. 17.2 ಮಕ್ಕಳಿಗೆ ಅಲರ್ಜಿ, ತಿಂದ ಗುಂಪಿನಲ್ಲಿ ಶೇ. 3.2. ಇಸುಬು ಇದೆ ಎಂಬ ಕಾರಣಕ್ಕೆ ಯಾವ ಮಕ್ಕಳಿಗೆ ಕಡಲೆಕಾಯಿ ಬೇಡ ಎನ್ನುತ್ತಿದ್ದೆವೋ ಆ ಮಕ್ಕಳಿಗೇ ಅದು ಬೇಗ ಬೇಕಾಗಿತ್ತು.

ಮೊಟ್ಟೆಯ ಕಥೆಯೂ ಹೀಗೆಯೇ. ಜಪಾನಿನ ಸಂಶೋಧಕರು ಇಸುಬಿದ್ದ ಕೂಸುಗಳ ಚರ್ಮವನ್ನು ಮೊದಲು ಚೆನ್ನಾಗಿ ಹತೋಟಿಗೆ ತಂದು, ಆರು ತಿಂಗಳಿಂದ ಬೇಯಿಸಿದ ಮೊಟ್ಟೆಯ ಪುಡಿಯನ್ನು ಚಿಟಿಕೆ ಪ್ರಮಾಣದಲ್ಲಿ ಕೊಟ್ಟರು. ವರ್ಷ ತುಂಬುವಾಗ ಮೊಟ್ಟೆ ಅಲರ್ಜಿ ಇದ್ದದ್ದು ಶೇ. 8 ಮಕ್ಕಳಲ್ಲಿ. ಕೊಡದವರಲ್ಲಿ ಶೇ. 38. ಇದು 2017ರ ಮಾತು. 2023ರಲ್ಲಿ ಅದೇ ದೇಶದಿಂದ ಬಂದ ಮತ್ತೊಂದು ಪ್ರಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಲ್ಲಿ ಬದಲಿಸಿದ್ದು ಮುಲಾಮಿನ ಚಿಕಿತ್ಸೆಯನ್ನು ಮಾತ್ರ. ಕೂಸುಗಳ ಇಸುಬಿಗೆ ಬೇಗ, ಬಿಗಿಯಾಗಿ ಚಿಕಿತ್ಸೆ ಮಾಡಿದ್ದಕ್ಕೇ ಮೊಟ್ಟೆ ಅಲರ್ಜಿ ಶೇ. 41.9ರಿಂದ 31.4ಕ್ಕೆ ಇಳಿಯಿತು. ಆದರೆ ಬಿಗಿ ಚಿಕಿತ್ಸೆ ಪಡೆದ ಮಕ್ಕಳ ತೂಕ, ಎತ್ತರ ಸ್ವಲ್ಪ ಕಡಿಮೆ ಇತ್ತು. ಹಾಗಾಗಿ ಎಲ್ಲ ಮಕ್ಕಳಿಗೂ ಹೀಗೇ ಮಾಡಿ ಎಂದು ಆ ಸಂಶೋಧಕರೂ ಹೇಳಲಿಲ್ಲ. ಇನ್ನು, ಇಸುಬು ಬರುವ ಮೊದಲೇ ಎಲ್ಲ ಹಸುಗೂಸುಗಳಿಗೂ ದಿನಾ ಮಾಯಿಶ್ಚರೈಸರ್ ಹಚ್ಚಿದರೆ ರೋಗವನ್ನೇ ತಡೆಯಬಹುದೇ ಎಂದು ಇಂಗ್ಲೆಂಡಿನಲ್ಲಿ 1394 ಮಕ್ಕಳಲ್ಲಿ ನೋಡಿದರು. ತಡೆಯಲಿಲ್ಲ. ಚರ್ಮದ ವಿಷಯ ಅಷ್ಟು ಸಲೀಸಲ್ಲ.

ಬಿಡಿಸಿದರೆ ನಷ್ಟವೇನು?

"ಸುಮ್ನೆ ಒಂದು ತಿಂಗಳು ಬಿಟ್ಟು ನೋಡೋಣ, ನಷ್ಟವೇನು?" ಬಹಳ ಜನ ಕೇಳುವ ಮಾತು. ಮೊದಲು ಲಾಭ ಎಷ್ಟು ನೋಡೋಣ. 1978ರಲ್ಲಿ ಲಂಡನ್ನಿನ ಡೇವಿಡ್ ಅದರ್ಟನ್ ಇಸುಬಿದ್ದ ಮಕ್ಕಳಿಗೆ ಹಾಲು, ಮೊಟ್ಟೆ ಬಿಡಿಸಿ ನೋಡಿದರು. ಪ್ರಯೋಗ ಮುಗಿಸಿದ 20 ಮಕ್ಕಳಲ್ಲಿ 14 ಮಂದಿಗೆ ಸ್ವಲ್ಪ ಗುಣ ಕಂಡಿತು. ಪಥ್ಯದ ಮೇಲಿನ ನಂಬಿಕೆಗೆ ವೈದ್ಯಲೋಕದಲ್ಲಿ ಬಲ ಬಂದದ್ದು ಅಲ್ಲಿಂದ. ಆದರೆ ಆಮೇಲೆ ನಡೆದ ಪ್ರಯೋಗಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ. 2022ರಲ್ಲಿ ಅಂಥ 10 ಪ್ರಯೋಗಗಳನ್ನು, ಒಟ್ಟು 599 ಜನರ ಮಾಹಿತಿಯನ್ನು ಸೇರಿಸಿ ಲೆಕ್ಕ ಹಾಕಿದಾಗ ಪಥ್ಯ ಮಾಡಿದವರಲ್ಲಿ ನೂರಕ್ಕೆ 50 ಮಂದಿಗೆ ಗಮನಿಸುವಷ್ಟು ಗುಣವಾಗಿತ್ತು. ಮಾಡದವರಲ್ಲಿ 41. ಅಂದರೆ ನೂರು ಜನ ಊಟ ಬಿಟ್ಟರೆ ಹೆಚ್ಚುವರಿ ಲಾಭ ಒಂಬತ್ತು ಜನಕ್ಕೆ. ಆ ಲೆಕ್ಕವೂ ಅಷ್ಟು ಗಟ್ಟಿಯಲ್ಲ ಎಂದು ಲೆಕ್ಕ ಹಾಕಿದವರೇ ಬರೆದಿದ್ದಾರೆ. ಅಮೆರಿಕದ ಅಲರ್ಜಿ ತಜ್ಞರ ಸಂಘಗಳು 2023ರ ಮಾರ್ಗಸೂಚಿಯಲ್ಲಿ ಇಸುಬಿಗೆಂದು ಆಹಾರ ಬಿಡಿಸುವುದು ಬೇಡ ಎಂಬ ಕಡೆಗೇ ವಾಲಿವೆ.

ನಷ್ಟದ ಬದಿ ಇದಕ್ಕಿಂತ ದೊಡ್ಡದು. ಷಿಕಾಗೋದ ವೈದ್ಯರು 2016ರಲ್ಲಿ ವರದಿ ಮಾಡಿದ್ದು ಹೀಗೆ: ಇಸುಬಿಗೆಂದು ಒಂದು ಆಹಾರ ಬಿಡಿಸಿದ ಮಕ್ಕಳಲ್ಲಿ, ಹಿಂದೆ ಯಾವತ್ತೂ ತಕ್ಷಣದ ಅಲರ್ಜಿ ಕಾಣದಿದ್ದವರ ಪೈಕಿ ಶೇ. 19 ಮಕ್ಕಳಿಗೆ ಹೊಸದಾಗಿ ತಕ್ಷಣದ ಅಲರ್ಜಿ ಬಂತು. ಕೆಲವರಿಗೆ ಅನಾಫಿಲ್ಯಾಕ್ಸಿಸ್, ಅಂದರೆ ಉಸಿರು ಕಟ್ಟಿ ಬಿಪಿ ಬೀಳುವ ಅಪಾಯದ ಸ್ಥಿತಿ. ನಿನ್ನೆ ತನಕ ಹಾಲು ಕುಡಿಯುತ್ತಿದ್ದ ಮಗು. ತಿಂಗಳುಗಟ್ಟಲೆ ಬಿಟ್ಟ ಮೇಲೆ ಅದೇ ಹಾಲು ಅದರ ಮೈಗೆ ಪರಕೀಯವಾಗುತ್ತದೆ.

ಪೌಷ್ಟಿಕತೆಯ ಮಾತು ಬೇರೆ. 2001ರಲ್ಲಿ ಅಮೆರಿಕದಂಥ ದೇಶದಲ್ಲೇ ಇಸುಬಿದ್ದ 22 ತಿಂಗಳ ಮಗುವಿಗೆ ಹಾಲು ಆಗುವುದಿಲ್ಲವೆಂದು ಅಕ್ಕಿಯ ಪಾನೀಯ ಕುಡಿಸಿ, ಮೈ ಊದಿಕೊಳ್ಳುವ ಕ್ವಾಶಿಯೋರ್ಕರ್ ಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಪ್ರೋಟೀನ್ ಕೊರತೆಯ ಕಾಯಿಲೆ ಅದು. ಇನ್ನು ಕರ್ನಾಟಕ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮೂರರಲ್ಲಿ ಎರಡರಷ್ಟು ಮಕ್ಕಳಿಗೆ ರಕ್ತಹೀನತೆ. ಸಸ್ಯಾಹಾರಿ ಮನೆಯ ಮಗುವಿಗೆ ಹಾಲು, ಬೇಳೆ, ಕಡಲೆಕಾಯಿ ಬಿಡಿಸಿದರೆ ಉಳಿಯುವುದೇನು? ಅನ್ನ, ಗಂಜಿ, ಒಂದಿಷ್ಟು ತುಪ್ಪ. ಸತು ಮತ್ತು ಪ್ರೋಟೀನ್ ಕಡಿಮೆಯಾದರೆ ಚರ್ಮವೇ ಒಡೆಯುತ್ತದೆ. ಆಗ ನಂಜು ಇನ್ನೂ ಹೋಗಿಲ್ಲವೆಂದು ಮತ್ತೊಂದು ಪದಾರ್ಥ ಬಿಡಿಸುತ್ತಾರೆ.

ಬಾಣಂತಿಯ ಪಥ್ಯವೂ ಇದರಲ್ಲೇ ಬಂತು. ತಾಯಿ ಬಸುರಿಯಲ್ಲೋ ಹಾಲೂಡಿಸುವಾಗಲೋ ಮೊಟ್ಟೆ, ಹಾಲು ಬಿಟ್ಟರೆ ಮಗುವಿಗೆ ಇಸುಬು ಬರದಂತೆ ತಡೆಯಬಹುದು ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ತಾಯಿ ಸೊರಗುವುದು ಮಾತ್ರ ಖಂಡಿತ.

ಪರೀಕ್ಷೆ ಪಾಸಿಟಿವ್ ಬಂದರೆ?

ಈಗ ನಗರಗಳಲ್ಲಿ ಅಜ್ಜಿಯ ನಂಜಿನ ಜಾಗಕ್ಕೆ ಲ್ಯಾಬಿನ ರಿಪೋರ್ಟ್ ಬಂದಿದೆ. ಒಂದು ಹನಿ ರಕ್ತದಲ್ಲಿ ನೂರಾರು ಆಹಾರಗಳ ಅಲರ್ಜಿ ನೋಡುತ್ತೇವೆ ಎಂಬ ಜಾಹೀರಾತು. ರಿಪೋರ್ಟಿನಲ್ಲಿ ಹತ್ತು ಹದಿನೈದು ಕೆಂಪು ಗೆರೆ. ಇದನ್ನು ಓದುವ ಮೊದಲು ಮೈಸೂರು, ಬೆಂಗಳೂರುಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನವನ್ನು ನೋಡಬೇಕು. ಯುರೋಪಿನ ಸಂಸ್ಥೆಗಳ ಜೊತೆ ಸೇರಿ ಮಾಡಿದ ಇದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ದೊಡ್ಡವರಲ್ಲಿ ಶೇ. 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೂ ಆಹಾರದ ವಿರುದ್ಧ ಐಜಿಇ, ಅಂದರೆ ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ, ಇತ್ತು. ನಿಜವಾಗಿ ಆಹಾರದ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ. ನೂರರಲ್ಲಿ ಇಪ್ಪತ್ತಾರು ಜನ ಪರೀಕ್ಷೆಯಲ್ಲಿ ಪಾಸಿಟಿವ್, ಆದರೆ ಬಹುತೇಕ ಎಲ್ಲರೂ ಅದೇ ಆಹಾರವನ್ನು ತಿಂದು ಆರಾಮಾಗಿದ್ದಾರೆ! ಇಸುಬಿದ್ದವರ ರಕ್ತದಲ್ಲಿ ಐಜಿಇ ಮೊದಲೇ ಜಾಸ್ತಿ ಇರುತ್ತದೆ. ಅವರಲ್ಲಿ ಇಂಥ ಸುಳ್ಳು ಗಾಬರಿ ಇನ್ನೂ ಹೆಚ್ಚು. ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ಹೆಸರಿನಲ್ಲಿ ಮಾರುವ ಪರೀಕ್ಷೆಯಂತೂ ನೀವು ಆ ಆಹಾರ ತಿಂದಿದ್ದೀರಿ ಎಂದಷ್ಟೇ ಹೇಳುತ್ತದೆ. ಅದಕ್ಕೆ ದುಡ್ಡು ಕೊಡಬೇಡಿ.

ಬದನೆಕಾಯಿಯನ್ನೂ ಮೈಸೂರಿನವರೇ ವಿಚಾರಿಸಿಕೊಂಡಿದ್ದಾರೆ. ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಮತ್ತು ಊರಿನ ವೈದ್ಯರು 741 ಜನರಲ್ಲಿ ನೋಡಿ 2008ರಲ್ಲಿ ಬರೆದರು. ತಿಂದಾಗ ತೊಂದರೆಯಾಗುತ್ತದೆ ಎಂದವರು ಅಥವಾ ಚರ್ಮದ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು ಒಟ್ಟು ಶೇ. 9ರಷ್ಟು. ಐಜಿಇಯಿಂದ ಆಗುವ ನಿಜವಾದ ಅಲರ್ಜಿ ಶೇ. 1ನ್ನೂ ಮುಟ್ಟಲಿಲ್ಲ. ಬದನೆಯಲ್ಲಿ ಹಿಸ್ಟಮಿನ್ ಇದೆ, ತುರಿಕೆ ಎಬ್ಬಿಸುವ ರಾಸಾಯನಿಕ ಅದೇ. ಹಾಗಾಗಿ ತಿಂದಾಗ ನಾಲಿಗೆ, ಗಂಟಲು ಕೆರೆಯುವುದು ಸುಳ್ಳಲ್ಲ. ಅಜ್ಜಿಯ ಕಣ್ಣು ತಪ್ಪು ನೋಡಿಲ್ಲ. ಆದರೆ ಗಂಟಲು ಕೆರೆಯಿತು ಎಂಬುದರಿಂದ ಇಸುಬು ಅದರಿಂದಲೇ ಬಂತು ಎಂಬಲ್ಲಿಗೆ ಹಾರುವಂತಿಲ್ಲ. ಹುಣಸೆ, ಟೊಮೆಟೊ, ನಿಂಬೆ ತಾಗಿ ಮಗುವಿನ ಬಾಯಿಯ ಸುತ್ತ ಕೆಂಪಾಗುವುದೂ ಹೀಗೆಯೇ. ಹುಳಿ ತಾಗಿದ ಉರಿ ಅದು. ತಿನ್ನಿಸುವ ಮೊದಲು ಬಾಯಿ ಸುತ್ತ ವ್ಯಾಸಲೀನ್ ಸವರಿದರೆ ಸಾಕು.

ಹಾಗಾದರೆ ಆಹಾರವನ್ನು ನಿಜವಾಗಿ ಅನುಮಾನಿಸಬೇಕಾದದ್ದು ಯಾವಾಗ? ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಗಂಧೆ ಎದ್ದರೆ, ತುಟಿ ಅಥವಾ ಕಣ್ಣು ಊದಿಕೊಂಡರೆ, ಮತ್ತೆ ಮತ್ತೆ ವಾಂತಿಯಾದರೆ. ಉಸಿರಾಟಕ್ಕೆ ಕಷ್ಟವಾದರೆ ಕಾಯುವ ಮಾತೇ ಇಲ್ಲ, ಆಸ್ಪತ್ರೆಗೆ ಓಡಬೇಕು. ಎರಡನೆಯದು, ಪುಟ್ಟ ಮಗುವಿಗೆ ತೀವ್ರ ಇಸುಬಿದ್ದು, ಮುಲಾಮನ್ನು ಹೇಳಿದ ಹಾಗೆ ಸರಿಯಾಗಿ ಹಚ್ಚಿದರೂ ಜಗ್ಗದಿದ್ದರೆ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ 1998ರಲ್ಲಿ ನೋಡಿದಾಗ ಮಧ್ಯಮದಿಂದ ತೀವ್ರ ಇಸುಬಿದ್ದ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿಗೆ ಆಹಾರದ ಅಲರ್ಜಿಯೂ ಇತ್ತು. ಸಣ್ಣ ಸಂಖ್ಯೆಯಲ್ಲ. ಅಲರ್ಜಿ ಜೊತೆಗಿದೆ ಎಂದ ಮಾತ್ರಕ್ಕೆ ಇಸುಬಿಗೆ ಅದೇ ಕಾರಣವಾಗಬೇಕಿಲ್ಲ, ಆದರೆ ಇಂಥ ಮಗುವನ್ನು ತಜ್ಞರು ನೋಡಲೇಬೇಕು. ತಿಂದು ಒಂದೆರಡು ದಿನಕ್ಕೆ ಇಸುಬು ಕೆರಳುವ ನಿಧಾನದ ಬಗೆಯೂ ಇದೆ. ಅದನ್ನು ಯಾವ ರಕ್ತಪರೀಕ್ಷೆಯೂ ಹಿಡಿಯುವುದಿಲ್ಲ. ವೈದ್ಯರ ಕಣ್ಣಳತೆಯಲ್ಲಿ ಒಂದೇ ಆಹಾರವನ್ನು ಕೆಲವು ವಾರ ಬಿಟ್ಟು, ಮತ್ತೆ ಕೊಟ್ಟು ನೋಡಬೇಕು. ನಮ್ಮ ಮನೆಗಳಲ್ಲಿ ತಪ್ಪಿಹೋಗುವುದು ಈ "ಮತ್ತೆ ಕೊಟ್ಟು" ಎಂಬ ಭಾಗ. ಬಿಡಿಸುವುದಕ್ಕೆ ದಿನ ಇರುತ್ತದೆ, ವಾಪಸ್ ಕೊಡುವುದಕ್ಕೆ ಇರುವುದಿಲ್ಲ.

ತಿಂದು ಗುಣಪಡಿಸುವ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಈವನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್‌ಗೆ ಇಸುಬಿನ ಔಷಧಿ ಎಂದು ಕೊಟ್ಟಿದ್ದ ಪರವಾನಗಿಯನ್ನು ಬ್ರಿಟನ್ 2002ರಲ್ಲೇ ರದ್ದು ಮಾಡಿತು. ನಮ್ಮಲ್ಲಿ ಇನ್ನೂ ಬರೆಯುತ್ತಾರೆ. ಈಗಾಗಲೇ ಬಂದಿರುವ ಇಸುಬಿಗೆ ಪ್ರೊಬಯೋಟಿಕ್‌ಗಳಿಂದ (ಹೊಟ್ಟೆಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾಗಳಿಂದ) ಹೇಳಿಕೊಳ್ಳುವಂಥ ಲಾಭವಿಲ್ಲ ಎಂದು 2018ರ ಪರಿಶೀಲನೆ ಹೇಳಿದೆ. ಮೊಸರನ್ನ ತಿನ್ನಿ, ಆದರೆ ಔಷಧಿ ಅಂತ ಅಲ್ಲ. ಉಪ್ಪಿನ ಸುದ್ದಿ ಸ್ವಲ್ಪ ಕುತೂಹಲದ್ದು. 2024ರಲ್ಲಿ ಬ್ರಿಟನ್ನಿನ ದೊಡ್ಡವರ ಮಾಹಿತಿಯಲ್ಲಿ ಸೋಡಿಯಂ ಹೆಚ್ಚಿದ್ದವರಿಗೆ ಇಸುಬು ಇರುವ ಸಾಧ್ಯತೆ ತುಸು ಹೆಚ್ಚು ಕಂಡಿತು. ವಾರಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಫಾಸ್ಟ್ ಫುಡ್ ತಿನ್ನುವ ಮಕ್ಕಳ ಬಗ್ಗೆ 2013ರಲ್ಲಿ ಇಂಥದ್ದೇ ಒಂದು ನಂಟು ಕಂಡಿತ್ತು. ಎರಡೂ ಜೊತೆಜೊತೆಗೆ ಕಂಡವು, ಕಾರಣ ಎಂದು ಸಾಬೀತಾಗಿಲ್ಲ. ಚಿಪ್ಸ್ ಕಡಿಮೆ ಮಾಡಲು ಇಸುಬಿನ ನೆಪ ಬೇಕಾಗಿಯೂ ಇಲ್ಲ.

ಜನ ಪಥ್ಯಕ್ಕೆ ಅಂಟಿಕೊಳ್ಳುವುದರ ಹಿಂದೆ ಇನ್ನೊಂದು ಕಾರಣವಿದೆ ಎಂದು ನನಗನ್ನಿಸುತ್ತದೆ: ಇಸುಬಿಗೆ ಹಚ್ಚುವ ಮುಲಾಮಿನಲ್ಲಿರುವ ಸ್ಟೆರಾಯ್ಡ್‌ನ ಭಯ. ಅದು ಹುಟ್ಟಿದ್ದಕ್ಕೂ ಕಾರಣವಿದೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಬಲವಾದ ಸ್ಟೆರಾಯ್ಡ್ ಮುಲಾಮನ್ನು ಮುಖ ಬೆಳ್ಳಗಾಗಲು, ಹುಳುಕಡ್ಡಿಗೆ, ಎಲ್ಲದಕ್ಕೂ ಬಳಿದು ಮುಖ ಕೆಡಿಸಿಕೊಂಡವರು ಊರೂರಲ್ಲಿ ಇದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿಯ ಮೇಲೆ ಮಾತ್ರ ಮಾರಬೇಕಾದ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಆದರೆ ವೈದ್ಯರು ಮಗುವಿನ ವಯಸ್ಸು, ಜಾಗ ನೋಡಿ ಬರೆದ ಮೆಲು ಸ್ಟೆರಾಯ್ಡ್, ಹೇಳಿದಷ್ಟು ದಿನ ಹಚ್ಚಿದರೆ, ಆ ಕಥೆಯೇ ಬೇರೆ. ಉರಿ ಬೇಗ ಇಳಿದಷ್ಟೂ ಹೊಸ ಅಲರ್ಜಿ ಒಳನುಗ್ಗುವ ದಾರಿ ಮುಚ್ಚುತ್ತದೆ ಎಂಬುದನ್ನು ಜಪಾನಿನ ಪ್ರಯೋಗದಲ್ಲಿ ನೋಡಿದೆವಲ್ಲ.

ಮನೆಯಲ್ಲಿ ಮಾಡುವುದಿಷ್ಟು. ಬಿಸಿಬಿಸಿ ನೀರಿನ ಬದಲು ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷದ ಸ್ನಾನ. ಮೈ ಒತ್ತಿ ಒರೆಸಿ, ಇನ್ನೂ ತೇವ ಇರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರನ್ನೋ ಕೊಬ್ಬರಿ ಎಣ್ಣೆಯನ್ನೋ ಧಾರಾಳವಾಗಿ ಹಚ್ಚುವುದು. ದಿನಕ್ಕೆ ಎರಡು ಸಲವಾದರೂ. ಮಗುವಿಗೆ ಉಣ್ಣಿಸಿದ ಕೈಯನ್ನು, ಚಟ್ನಿ ಪುಡಿ ಮುಟ್ಟಿದ ಕೈಯನ್ನು ತೊಳೆದು ಆಮೇಲೆ ಹಚ್ಚಬೇಕು.

ಊಟದ ವಿಷಯಕ್ಕೆ ಬಂದರೆ, ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದ ಮೇಲೆ ಹುರಿದ ಕಡಲೆಕಾಯಿಯ ನುಣ್ಣನೆಯ ಪುಡಿಯನ್ನು ಅದರಲ್ಲೇ ತೆಳ್ಳಗೆ ಕಲಸಿ ಕೊಡಬಹುದು. ಇಡೀ ಕಾಳು ಮಾತ್ರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿ ಸ್ವಲ್ಪದಿಂದ ಶುರು ಮಾಡಬಹುದು. ಇಸುಬು ತೀವ್ರವಾಗಿದ್ದರೆ, ಅಥವಾ ಒಮ್ಮೆಯಾದರೂ ತಿಂದ ಕೂಡಲೇ ಗಂಧೆ ಎದ್ದಿದ್ದರೆ, ಮೊದಲ ತುತ್ತಿಗೆ ಮುಂಚೆ ಮಕ್ಕಳ ಡಾಕ್ಟರನ್ನು ಕೇಳಿ. ಒಮ್ಮೆ ಕೊಟ್ಟು ಒಗ್ಗಿದ ಆಹಾರವನ್ನು ಆಮೇಲೆ ನಿಲ್ಲಿಸಬೇಡಿ, ವಾರಕ್ಕೆ ಒಂದೆರಡು ಸಲವಾದರೂ ಹೋಗುತ್ತಿರಲಿ. ಈಗಾಗಲೇ ಏನನ್ನಾದರೂ ತಿಂಗಳುಗಟ್ಟಲೆ ಬಿಡಿಸಿದ್ದರೆ ಅದನ್ನು ಮನೆಯಲ್ಲಿ ಒಮ್ಮೆಲೇ ವಾಪಸ್ ಕೊಡಲು ಹೋಗಬೇಡಿ. ಷಿಕಾಗೋದ ಮಕ್ಕಳಿಗೆ ಆದ ಹಾಗೆ ಆಗಬಹುದು. ಅದನ್ನು ಮಾತ್ರ ಅಲರ್ಜಿ ತಜ್ಞರ ಎದುರಿಗೇ ಮಾಡಬೇಕು.